ಜಾಗ್ವಾರ್‌ನ ಎರಡು ಟ್ಯಾಂಕು

ಜಾಗ್ವಾರ್ ಎಕ್ಸ್‌ಜೆ6 ಕಾರಿಗೆ ಪೆಟ್ರೋಲ್ ಟ್ಯಾಂಕು ಎರಡು. ಹಿಂಬದಿಯ ಎರಡೂ ಮಗ್ಗುಲಲ್ಲಿ, ಹೊರ ತಗಡಿಗೂ ಡಿಕ್ಕಿಗೂ ನಡುವಿನ ಇಕ್ಕಟ್ಟಿನಲ್ಲಿ ಒಂದೊಂದು ಅಡಗಿ ಕೂತಿದೆ. ಮುಚ್ಚಳಗಳೂ ಎರಡು, ಡಿಕ್ಕಿಯ ಆಚೆಗೊಂದು, ಈಚೆಗೊಂದು ಹೊಳೆಯುತ್ತಿರುತ್ತವೆ. ಸ್ವಿಚ್ ಒತ್ತಿದರೆ ಎಂಜಿನ್ ಒಂದು ಟ್ಯಾಂಕು ಬಿಟ್ಟು ಇನ್ನೊಂದಕ್ಕೆ ಹೊರಳುತ್ತದೆ, ಮುಳ್ಳೂ ಅದರದೇ ಲೆಕ್ಕ ತೋರಿಸುತ್ತದೆ. 1968ರಲ್ಲಿ ಈ ಕಾರು ಬೀದಿಗಿಳಿದಾಗ ಕಂಪನಿ ಕಟ್ಟಿದ ಸರ್ ವಿಲಿಯಂ ಲಯನ್ಸ್ ಇನ್ನೂ ಅದರ ಮುಖ್ಯಸ್ಥರು. ಹಿಂದಕ್ಕೆ ಹೋದಂತೆ ತಗ್ಗುತ್ತಾ ಸಣ್ಣದಾಗುವ ಆ ಮೈಕಟ್ಟು ಅವರ ಕಣ್ಣಿನ ಅಳತೆಯದು. ಅಷ್ಟು ಚೆಂದದ ಬೆನ್ನಿನೊಳಗೇ ತುಕ್ಕು ಹುಟ್ಟುತ್ತದೆ.

ಕಾರಣ ಬಹಳ ಸಣ್ಣದು. ಮುಚ್ಚಳದ ಕೆಳಗಿನ ಗುಳಿಯಲ್ಲಿ ಮಳೆನೀರು ಹರಿದುಹೋಗಲು ಒಂದು ಸಪೂರ ಕೊಳವೆ ಇದೆ. ಎಲೆಚೂರು, ಮಣ್ಣು ಸೇರಿ ಅದು ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ, ಟ್ಯಾಂಕಿನ ಕತ್ತನ್ನು ತಿನ್ನುತ್ತದೆ, ನಿಧಾನಕ್ಕೆ ಒಳಗೂ ಇಳಿಯುತ್ತದೆ. ನಾವಿರುವ ಇಂಗ್ಲೆಂಡಿನಲ್ಲಿ ಮಳೆಗೆ ಬಿಡುವೆಂಬುದಿಲ್ಲ. ನಮ್ಮ ಸೀರೀಸ್ 3 ಕಾರು, ಅಂದರೆ ಎಕ್ಸ್‌ಜೆ6ರ ಮೂರನೆಯ ರೂಪ, ಏರಿನಲ್ಲಿ ಬಿಕ್ಕಳಿಸತೊಡಗಿದ್ದೂ ಹೀಗೆಯೇ. ಬಲದ ಟ್ಯಾಂಕಿಗೆ ಹೊರಳಿಸಿದರೆ ಸರಾಗ, ಎಡಕ್ಕೆ ಬಂದರೆ ಮತ್ತೆ ಉಸಿರು ಕಟ್ಟುವುದು. ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿದಾಗ ರಾಗಿಹಿಟ್ಟಿನಷ್ಟು ನುಣ್ಣನೆಯ ಕಂದು ಪುಡಿ ಉದುರಿತು.

ಟ್ಯಾಂಕು ಹೊರತೆಗೆಯುವ ಕೆಲಸದಲ್ಲಿ ಅವಸರ ಸಲ್ಲ. ಪೆಟ್ರೋಲ್ ಪೂರ್ತಿ ಬಸಿಯಬೇಕು, ಬ್ಯಾಟರಿ ತಂತಿ ಕಳಚಬೇಕು, ಬಾಗಿಲು ತೆರೆದಿಟ್ಟು ಗಾಳಿ ಆಡಲು ಬಿಡಬೇಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಅದರೊಳಗೆ ಉಳಿಯುವುದು ಆವಿ, ಹೊತ್ತಿಕೊಳ್ಳುವುದೂ ಆವಿಯೇ. ಆಮೇಲೆ ಹಿಂದಿನ ಬಂಪರ್ ಬಿಚ್ಚಿ, ಅದರಡಿಯ ಮೂಲೆತಗಡು ತೆಗೆದು, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು. ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿನ ಬಳೆಯನ್ನು ಸಡಿಲಿಸಲು ಕಬ್ಬಿಣದ ಉಳಿ ಮುಟ್ಟಕೂಡದು, ಕಿಡಿ ಹಾರೀತು. ಹಿತ್ತಾಳೆಯದರಿಂದ ಮೆಲ್ಲಗೆ ತಟ್ಟಬೇಕು. ಹೊರಬಂದ ಟ್ಯಾಂಕಿನ ಬೆನ್ನಿಗೆ, ತೇವ ಹೀರಿ ಕೊಳೆತ ಪಟ್ಟಿಯೊಂದು ಅಂಟಿಕೊಂಡಿತ್ತು. ಅದನ್ನು ಕೀಳುತ್ತಲೇ ಅಡಿಯ ತಗಡು ಬೆರಳಿಗೆ ಹುಡಿಯಾಯಿತು.

ಬಲಗಡೆಯದು ಇನ್ನೂ ಸೋರುತ್ತಿರಲಿಲ್ಲ. ಆದರೂ ಎರಡನ್ನೂ ಬದಲಿಸಿದೆ, ರಬ್ಬರ್ ಕೊಳವೆಗಳನ್ನೂ ಹೊಸದಾಗಿ ಹಾಕಿಸಿದೆ. 2021ರಿಂದ ಇಲ್ಲಿಯ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಹರಿಯುವ ದಾರಿಯಲ್ಲಿ ಹಳೆಯದರ ಮೇಲಿನ ಮಮತೆಗೆ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆ.

ಕಾರಿನ ಒಳಗೆ ಬಂದರೆ ನನ್ನ ಮನಸ್ಸು ತದ್ವಿರುದ್ಧ.

ಸೀರೀಸ್ 3ರ ಚಾವಣಿಯ ಬಟ್ಟೆ ಜೋತುಬೀಳುವುದು ಅದನ್ನು ಸಾಕಿದವರಿಗೆಲ್ಲ ಗೊತ್ತು. ಬಟ್ಟೆಗೇನೂ ಆಗಿರುವುದಿಲ್ಲ, ಅದಕ್ಕೂ ಮೇಲಿನ ಗಟ್ಟಿ ಹಲಗೆಗೂ ನಡುವಿನ ತೆಳು ಫೋಮ್ ವಯಸ್ಸಾಗಿ ಪುಡಿಯಾಗುತ್ತದೆ. ಹಲಗೆಯನ್ನು ಹೊರತೆಗೆಯಲು ಇಬ್ಬರು ಬೇಕು. ಮುಂದಿನ ಸೀಟು ಪೂರ್ತಿ ಒರಗಿಸಿ, "ರೀ, ನಿಮ್ಮ ಕಡೆ ಇನ್ನೊಂಚೂರು ತಗ್ಗಿಸಿ" ಎಂದರೆ, "ತಗ್ಗಿಸಿದೆ ಮಾರಾಯ್ತಿ, ಮೂಲೆ ಸಿಕ್ಕಿಕೊಂಡಿದೆ, ಎಳೀಬೇಡ" ಎಂದು ನನ್ನವರು ಒಳಗಿಂದ ಕೂಗಿದರು. ಬಾಗಿಲು ದಾಟುವಾಗ ಹಲಗೆ ಬಾಗುತ್ತದೆ, ಮುರಿಯುವ ಮಟ್ಟಕ್ಕೆ ಬಾಗಿಸಬಾರದು. ಹಳೆಯ ಫೋಮನ್ನು ಬ್ರಷ್ಷಿನಿಂದ ಒಂದು ಕಣವೂ ಉಳಿಯದಂತೆ ಉಜ್ಜಬೇಕು, ಇಲ್ಲದಿದ್ದರೆ ಹೊಸ ಅಂಟು ಹಿಡಿಯುವುದು ಹಲಗೆಯನ್ನಲ್ಲ, ಆ ಪುಡಿಯನ್ನು. ಬಿಸಿಲಿಗೆ ಕಾದ ತಗಡಿನಡಿ ಬಿಡದಂಥ ಅಂಟೇ ಬೇಕು. ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಹೋದಾಗ ಸುಕ್ಕು ಮುಂದೆ ಮುಂದೆ ಓಡಿ ಅಂಚಿನಲ್ಲಿ ಇಲ್ಲವಾಗುವುದನ್ನು ನೋಡುವ ಸುಖವೇ ಬೇರೆ.

ಡ್ಯಾಶ್‌ಬೋರ್ಡಿಗೆ ಹೊಸ ಮರದ ಸೆಟ್ ಕೊಳ್ಳಿ ಎಂದವರಿದ್ದಾರೆ. ನಾನು ಒಪ್ಪಲಿಲ್ಲ. ಬಿರುಕುಬಿಟ್ಟಿದ್ದು ಮೇಲಿನ ವಾರ್ನಿಷ್ ಮಾತ್ರ, ಅಡಿಯ ವಾಲ್‌ನಟ್ ಹಾಳೆ ಗಟ್ಟಿಯಾಗಿಯೇ ಇದೆ. ಎಡಬಲದ ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಹೊಂದುವ ಹಾಗೆ ಯಾರೋ ಕುಶಲಿಗರು ಜೋಡಿಸಿದ್ದು ಅದು. ಅವರು ದುಡಿದ ಬ್ರೌನ್ಸ್ ಲೇನ್ ಕಾರ್ಖಾನೆ ಇದೇ ಕವೆಂಟ್ರಿಯಲ್ಲಿ, ನಾವಿರುವ ಊರಲ್ಲೇ ಇತ್ತು. 2005ರಲ್ಲಿ ಅಲ್ಲಿ ಕಾರು ಕಟ್ಟುವುದು ನಿಂತಿತು. 2008ರಲ್ಲಿ ಕಂಪನಿಯೇ ಟಾಟಾ ಕೈಗೆ ಬಂತು. ಆ ಕುಶಲಿಗರ ಕೈಗಳ ಕೆಲಸವನ್ನು ತೆಗೆದೆಸೆಯಲು ನನಗೆ ಯಾವ ಹಕ್ಕೂ ಇಲ್ಲ. ವಾರ್ನಿಷ್ ಕೆರೆದು, ನಯಮಾಡಿ, ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚುತ್ತಿದ್ದೇನೆ.

ಡ್ರೈವರ್ ಸೀಟಿನ ತೊಗಲು ಹೊರ ಅಂಚಿನಲ್ಲಿ ಸವೆದು ಬಣ್ಣ ಬಿಟ್ಟಿದೆ. ಹೊಲಿಗೆ ಬಿಚ್ಚಿದ ಕಡೆ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿದೆ. ಸವೆದದ್ದಕ್ಕೆ ಬಣ್ಣ ಹಚ್ಚಲಿಲ್ಲ. ಎಡಬದಿಯ ಹಿಂದಿನ ಬಾಗಿಲಿನ ಒಳಹಲಗೆ ಮಾತ್ರ ಬುಡದಲ್ಲಿ ನೀರು ಕುಡಿದು ಉಬ್ಬಿ, ಕ್ಲಿಪ್ಪುಗಳು ಕಿತ್ತು ಬಂದಿವೆ. ಅದಕ್ಕೆ ಹಾರ್ಡ್‌ಬೋರ್ಡ್ ಕತ್ತರಿಸಿ ಇಟ್ಟಾಗಿದೆ. ಹಳೆಯ ಹೊದಿಕೆಯನ್ನು ಹರಿಯದಂತೆ ಬಿಡಿಸಿ ಅದರ ಮೇಲೇ ಎಳೆದು ಕಟ್ಟಬೇಕು.