ಕುದುರೆಯಿಲ್ಲದ ಕೋವಿ

ನಮ್ಮ ಮನೆಯ ಕೋವಿಗೆ ಕುದುರೆಯಿಲ್ಲ. ಮಲೆನಾಡಿನಲ್ಲಿ ಕೋವಿ ಕೈಗೆ ಸಿಕ್ಕರೆ ಹೆಬ್ಬೆರಳು ಮೊದಲು ಹುಡುಕುವುದು ಅದನ್ನೇ. ಕೇಪಿನ ಕೋವಿಯಾಗಲಿ, ಹಳೇ ಜೋಡುನಳಿಗೆಯ ತೋಟಾಕೋವಿಯಾಗಲಿ, ಹಿಂದಕ್ಕೆಳೆದು ನಿಲ್ಲಿಸುವ ಆ ಕಬ್ಬಿಣದ ಕೊಕ್ಕು ಇದ್ದರೇ ಅದು ಕೋವಿ. ನಮ್ಮದರಲ್ಲಿ ಆ ಜಾಗ ಬೋಳು. ಬದಲಿಗೆ ಟ್ರಿಗರಿನ ಹಿಂದೆ, ಹಿಡಿಯ ಕೆಳಗೆ, ಬಾಗಿದ ಒಂದು ಲಿವರ್ ಇದೆ. ಅದನ್ನು ಕೆಳಕ್ಕೆ ಒತ್ತಿದರೆ ಒಳಗಿನ ಉಕ್ಕಿನ ದಿಂಡು ತಲೆ ತಗ್ಗಿಸಿ ನಳಿಗೆಯ ಬಾಯಿ ತೆರೆಯುತ್ತದೆ. ಒಂದಿಂಚು ಉದ್ದದ ತೋಟೆ ಇಟ್ಟು ಲಿವರ್ ಎತ್ತಿದರೆ ಮುಚ್ಚಿಕೊಳ್ಳುತ್ತದೆ. ಕುದುರೆಯ ಕೆಲಸವೆಲ್ಲ ಹೊಟ್ಟೆಯೊಳಗೇ.

"ಇದ್ಯಾತರ ಕೋವಿ ಗೌಡ್ರೆ, ಬೋರ್‌ವೆಲ್ ಹಿಡಿ ಇದ್ದಂಗಿದೆ" ಎಂದಿದ್ದ ಅಡಿಕೆ ಕೊನೆ ಕೊಯ್ಯಲು ಬಂದವನೊಬ್ಬ. ಹೊರಗೆ ನಕ್ಕರೂ ಒಳಗೆ ನನಗೆ ಸಿಟ್ಟು ಬಂದಿತ್ತು.

ಅಜ್ಜ ಅದನ್ನು ಬಾಳೆಹೊನ್ನೂರು ಕಡೆಯ ಎಸ್ಟೇಟೊಂದರಿಂದ ಕೊಂಡು ಮುತ್ತಿನಕೊಪ್ಪಕ್ಕೆ ತಂದದ್ದು. ಬಿ.ಎಸ್.ಎ. ಕಂಪನಿಯ ಮಾರ್ಟಿನಿ, ಅಳತೆ ಪಾಯಿಂಟ್ ಟೂಟೂ; ಎಂದರೆ ನಳಿಗೆಯ ತೂತು 5.6 ಮಿಲಿಮೀಟರ್, ಗುಂಡಿನ ತೂಕ ಎರಡೂವರೆ ಗ್ರಾಮಿನ ಆಸುಪಾಸು. ಬಿ.ಎಸ್.ಎ. ಎಂದರೆ ನನ್ನ ಓರಗೆಯವರಿಗೆಲ್ಲ ಸೈಕಲ್ಲು. ಆ ಸೈಕಲ್ಲಿನ ಗುರುತಿನಲ್ಲಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕು ಯಾಕಿವೆ ಎಂದು ಹೈಸ್ಕೂಲಿಗೆ ಪೆಡಲ್ ತುಳಿಯುವಾಗ ಯೋಚಿಸಿದ್ದೆ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಪೂರ್ತಿ ಹೆಸರು ಗೊತ್ತಾದದ್ದು ಈ ಕೋವಿಯಿಂದ. ಲಿವರಿನ ಉಪಾಯ ಪೀಬಡಿ ಎಂಬ ಅಮೆರಿಕದವನದು. ಅದನ್ನು ತಿದ್ದಿದ ಮಾರ್ಟಿನಿ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಿ. 1871ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ದೊಡ್ಡ ಮಾರ್ಟಿನಿಯ ಮರಿಮಗು ನಮ್ಮದು.

ಲಿವರ್ ಎಂದಾಗ ಇನ್ನೊಂದು ನೆನಪು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಓದುವ ವಯಸ್ಸಿನಲ್ಲಿ, ಆಂಡರ್ಸನ್ನನ ಕೈಯಲ್ಲಿದ್ದದ್ದೂ ಲಿವರ್ ರೈಫಲ್ ಎಂದು ಯಾರೋ ಹೇಳಿದರು. ಅವನದು .405 ವಿಂಚೆಸ್ಟರ್, ನರಭಕ್ಷಕ ಹುಲಿಯನ್ನು ಕೆಡವುವಂಥದ್ದು. ನಮ್ಮದು ಕಾಡುಹಂದಿಯ ಚರ್ಮಕ್ಕೆ ತುರಿಕೆ ತರಿಸೀತು. ಆದರೂ ಆ ಬೇಸಿಗೆ ರಜೆಯಿಡೀ ಖಾಲಿ ಕೋವಿಯ ಲಿವರ್ ಎಳೆದು, ಟ್ರಿಗರ್ ಒತ್ತಿ, ಜಗಲಿಯಿಂದ ಹುಲಿಗಳನ್ನು ಹೊಡೆದೆ. ಅಪ್ಪ ನೋಡಿದ ದಿನ ಬೈಸಿಕೊಂಡೆ. ಈ ಜಾತಿಯ ತೋಟೆಯಲ್ಲಿ ಸಿಡಿಮದ್ದು ಇರುವುದು ನಡುವಿನಲ್ಲಲ್ಲ, ಅಂಚಿನ ಸುತ್ತ. ಹಾಗಾಗಿ ಸೂಜಿ ಕುಟ್ಟುವುದೂ ಅಂಚಿಗೆ. ತೋಟೆಯಿಲ್ಲದೆ ಒತ್ತಿದರೆ ಸೂಜಿ ನೇರ ನಳಿಗೆಯ ತುಟಿಗೇ ಬಡಿದು ಕುಳಿ ಬೀಳುತ್ತದೆ. ಭೂತಗನ್ನಡಿ ಇಟ್ಟು ನೋಡಿದರೆ ನನ್ನ ಹುಲಿಗಳ ಗುರುತು ಈಗಲೂ ಅಲ್ಲಿ ಕಾಣುತ್ತದೆ.

ನಿಜ ಹೇಳಬೇಕೆಂದರೆ ತೋಟಕ್ಕೆ ಇದು ಕೆಲಸಕ್ಕೆ ಬಾರದ ಕೋವಿ. ಅಡಿಕೆ ತೋಟದ ಶತ್ರುಗಳೆಲ್ಲ ತಲೆಯ ಮೇಲಿರುತ್ತವೆ. ಮಂಗನಿಗೆ ಯಾರೂ ಗುರಿ ಇಡುವುದಿಲ್ಲ, ಹೆದರಿಸುವುದಷ್ಟೆ. ಚರೆಯ ಕೋವಿಯಾದರೆ ಢಮ್ ಎಂದು ಗುಡ್ಡವೆಲ್ಲ ಮೊಳಗುತ್ತದೆ, ಚರೆ ಸ್ವಲ್ಪ ದೂರ ಹೋಗಿ ಸೋತು ಉದುರುತ್ತದೆ. ಇದರದ್ದು ಒಣಕಡ್ಡಿ ಮುರಿದ ಸದ್ದು. ಮಂಗ ತಿರುಗಿಯೂ ನೋಡುವುದಿಲ್ಲ. ಗುಂಡು ಮಾತ್ರ ಒಂದು ಮೈಲಿಗೂ ಆಚೆ ಹೋಗಬಲ್ಲದು. ಮೇಲಕ್ಕೆ ಹೊಡೆದದ್ದು ಯಾರ ಹೆಂಚಿಗೋ, ಯಾರ ತಲೆಗೋ! ಅದಕ್ಕೇ ಅಪ್ಪ ಹೊಡೆದದ್ದೆಲ್ಲ ಮನೆ ಹಿಂದಿನ ಧರೆಗೆ, ಅದೂ ವರ್ಷಕ್ಕೆ ಒಂದೋ ಎರಡೋ. 1972ರ ವನ್ಯಜೀವಿ ಕಾಯ್ದೆ ಬಂದು ಶಿಕಾರಿಯ ಕಾಲ ಮುಗಿದ ಮೇಲೆ ಹುಟ್ಟಿದವನು ನಾನು. ಭದ್ರಾ ಕಾಡಿನಿಂದ ಆನೆ ಇಳಿದರೆ ಇದನ್ನು ಹಿಡಿದು ಹೊರಗೆ ನಿಲ್ಲುವುದು ಬಿಡಿ, ಆನೆಗೆ ತೋರಿಸುವುದೂ ಮರ್ಯಾದೆಯಲ್ಲ.

ಹಾಗಾದರೆ ಏಕೆ ಇಟ್ಟುಕೊಂಡಿದ್ದೇನೆ? ಒರೆಸಲಿಕ್ಕೆ, ಎಂದರೆ ನೀವು ನಗುತ್ತೀರಿ.

ಕೊಪ್ಪ, ಶೃಂಗೇರಿಯ ನೆಂಟರು ನಮ್ಮೂರಿನ ಮಳೆಯನ್ನು ಮಳೆ ಎಂದು ಒಪ್ಪುವುದಿಲ್ಲ. ಕಬ್ಬಿಣ ಒಪ್ಪುತ್ತದೆ. ಆರಿದ್ರೆ ಹಿಡಿಯಿತೆಂದರೆ ಉಪ್ಪಿನ ಭರಣಿ ಬೆವರುತ್ತದೆ, ಚಪ್ಪಲಿಗೆ ಬೂಷ್ಟು, ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು. ಅಜ್ಜನ ಕಾಲದಲ್ಲಿ ಕೋವಿ ಅಡಿಗೆಮನೆಯ ಗೋಡೆಯಾಚೆ, ಒಲೆಯ ಬೆಚ್ಚಗೆ ತಾಗುವ ಕಡೆ ನೇತಾಡುತ್ತಿತ್ತು. ಈಗ ಬೀಗ ಹಾಕಿಡಬೇಕು, ಅದು ಸರಿಯೂ ಹೌದು. ಬೀರುವಿನಲ್ಲಿ ಜೀರೋ ಬಲ್ಬು ಉರಿಸುತ್ತೇನೆ. ಕರೆಂಟು ಹೋದ ವಾರ ಹುರಿದ ಅಕ್ಕಿಯ ಗಂಟು. ಚರ್ಮದ ಚೀಲ ಬೇಸಿಗೆಗೆ ಮಾತ್ರ. ಮಳೆಗಾಲದಲ್ಲಿ ಅದು ನೀರು ಕುಡಿದು ಕೋವಿಗೇ ಕುಡಿಸುತ್ತದೆ.

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಜಗಲಿಯಲ್ಲಿ ಗೋಣಿ ಹಾಸಿ ಕೂರುತ್ತೇನೆ. ಮೊದಲು ಲಿವರ್ ಇಳಿಸಿ ಒಳಗೆ ಖಾಲಿ ಇದೆಯೇ ಎಂದು ಕಣ್ಣಿಂದಲೂ ಕಿರುಬೆರಳಿಂದಲೂ ನೋಡುವುದು. ಹೋದ ವಾರ ನಾನೇ ನೋಡಿಟ್ಟಿದ್ದರೂ. ಒಂದು ಪಿನ್ನು ತೆಗೆದರೆ ದಿಂಡು ಕೈಗೆ ಬರುತ್ತದೆ, ನಳಿಗೆ ಎರಡೂ ಕಡೆ ಬಯಲಾಗುತ್ತದೆ. ಹಳೇ ಬಿಳಿ ಪಂಚೆಯ ಚೂರೇ ಆಗಬೇಕು, ಕೊಳೆ ಎಷ್ಟು ಬಂತೆಂದು ತಿಳಿಯಲು. ಕಡ್ಡಿಯನ್ನು ಹಿಂದಿನಿಂದಲೇ ತೂರಿಸಬೇಕು. ಮುಂದಿನಿಂದ ತೂರಿಸಿದರೆ ಗುಂಡು ಕೊನೆಗೆ ಬಿಟ್ಟು ಹೋಗುವ ಬಾಯಂಚು ಸವೆದು ಗುರಿ ಕೆಡುತ್ತದೆ. ಆಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆ, ಕೀಲಿಗೆ ಒಂದೊಂದೇ ಹನಿ. ಎಣ್ಣೆ ಹೆಚ್ಚಾದರೆ ಧೂಳು ಹಿಡಿದು ಅಂಟಾಗುತ್ತದೆ. ಎಲ್ಲ ಮುಗಿದು ಲಿವರ್ ಎತ್ತಿದಾಗ ಬರುವ "ಕಟಕ್", ಚೆನ್ನಾಗಿ ಎಣ್ಣೆ ಬಿಟ್ಟ ಬೀಗದ ಸದ್ದಿನಂತೆ, ತುಂಡಾಗಿ, ಸಂಶಯವಿಲ್ಲದೆ. ಆ ಸದ್ದಿಗಾಗಿಯೇ ಅಷ್ಟು ಹೊತ್ತು ಕೂತದ್ದು.

ಇಷ್ಟಾದರೂ ಎರಡು ಕಲೆ ನನ್ನ ಕಾಲದಲ್ಲಿ ಆದವು. ಒಂದು ಆಯುಧಪೂಜೆಯದು: ಕತ್ತಿ, ಪಿಕಾಸಿ, ಸ್ಪ್ರೇ ಪಂಪಿನ ಸಾಲಿನಲ್ಲಿ ಕೋವಿಗೂ ಅತ್ತಿಗೆ ಕುಂಕುಮದ ಬೊಟ್ಟಿಟ್ಟರು, ಒದ್ದೆ ಕೈಯಲ್ಲಿ. ನಾನು ಒರೆಸಲು ಮೂರು ದಿನ ತಡಮಾಡಿದೆ. ಇನ್ನೊಂದು ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನದ್ದು. ಬೋರ್ಡೋಗೆ ಮೈಲುತುತ್ತ ಕಲಸಿದ ಕೈಯಲ್ಲೇ ಕೋವಿ ಎತ್ತಿದೆ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ತಾಮ್ರ ಕೂರುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದೆ. ನನ್ನ ಹೆಬ್ಬೆರಳ ಗುರುತು ತಾಮ್ರದ ಬಣ್ಣದಲ್ಲಿ ಹಾಗೇ ಕೂತಿದೆ.

ಕಾಗದಗಳ ಕತೆ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ನವೀಕರಣ, ಚಲನ್, ತೋಟೆಯ ಲೆಕ್ಕ. 1959ರ ಕಾಯ್ದೆ ಹೇಳಿದಂತೆ ನಡೆಯುತ್ತದೆ. ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವುದೊಂದು ಮಾತ್ರ ಹೇಳಬೇಕು. ಮಲೆನಾಡಿನ ಕೋವಿಗಳು ನಮಗಿಂತ ನಿಷ್ಠೆಯಿಂದ ಚುನಾವಣೆಗೆ ಹೋಗುತ್ತವೆ. 2024ರ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ನಮ್ಮ ಕಡೆ ಏಪ್ರಿಲ್ 26ಕ್ಕೇ ಮತ ಹಾಕಿ ಮುಗಿದರೂ ಎಣಿಕೆ ಜೂನ್ 4ಕ್ಕೆ. ಬಿರುಬಿಸಿಲಲ್ಲಿ ಹೋದ ಕೋವಿ ಮಳೆ ಹಿಡಿದ ಮೇಲೆ ಮನೆಗೆ ಬಂತು. ಬುದ್ಧಿವಂತನಾದ ನಾನು ಅದನ್ನು ಚರ್ಮದ ಚೀಲ ಬಿಟ್ಟು ಬರಿದೇ ಕೊಟ್ಟು ಬಂದಿದ್ದೆ.

ಗೋಣಿ ಹಾಸಿ, ಪಿನ್ನು ತೆಗೆದು, ನಳಿಗೆಯನ್ನು ಅಂಗಳದ ಬೆಳಕಿಗೆ ಹಿಡಿದೆ. ಬೆಳಕೇ ಬರಲಿಲ್ಲ. ಎದೆ ಧಸಕ್ಕೆಂದಿತು. ಪಕ್ಕದ ರಬ್ಬರ್ ತೋಟದ ಮಲಯಾಳಿ ಚೇಟ ಜೊತೆಗೆ ಕೂತಿದ್ದರು. ಅವರಿಗೆ ಕೋವಿ ಎಂದರೆ ಇಂದಿಗೂ 'ತೋಕು'. ಕಡ್ಡಿ ತೂರಿಸಿ ಮೆಲ್ಲಗೆ ಒತ್ತಿದೆ. ಒಣಮಣ್ಣಿನ ಬಿರಡೆಯೊಂದು ಪುಡಿಯಾಗಿ ಗೋಣಿಯ ಮೇಲೆ ಬಿತ್ತು. ಹಿಂದೆಯೇ ಸಣ್ಣ ಸಣ್ಣ ಜೇಡಗಳು, ಕಾಲು ಮಡಚಿಕೊಂಡು, ಒಂದು, ಎರಡು, ಐದು. ಯಾವುದೋ ಕಣಜ ಮರಿಗೆಂದು ಬುತ್ತಿ ಕಟ್ಟಿಟ್ಟು ಬಾಗಿಲು ಮೆತ್ತಿ ಹೋಗಿತ್ತು.

ಚೇಟ ಬಗ್ಗಿ ಎಣಿಸಿದರು. "ಅಂತೂ ನಿಮ್ಮ ತೋಕು ಐದು ಶಿಕಾರಿ ಮಾಡ್ತಲ್ಲ ಮಾರಾಯ್ರೆ" ಎಂದರು.

ನಾನು ಪಂಚೆಯ ಇನ್ನೊಂದು ಚೂರು ಹರಿದೆ.