ಆಪತ್ತಿಗಾಗುವ ದೂರದ ಕೈ

ಎಲ್ಲೋ ಕೂತು ಎಲ್ಲೋ ಇರುವ ಕಂಪ್ಯೂಟರನ್ನು ಆಡಿಸುವ ವಿದ್ಯೆ ಹೊಸದಲ್ಲ. ೧೯೪೦ರ ಸೆಪ್ಟೆಂಬರ್ ೧೧ರಂದು ಅಮೆರಿಕದ ಹ್ಯಾನೋವರ್ ಎಂಬ ಊರಿನಲ್ಲಿ ಗಣಿತಜ್ಞರ ಸಭೆ ಸೇರಿತ್ತು. ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಜ್ ಅಲ್ಲೊಂದು ಟೆಲಿಪ್ರಿಂಟರ್ ಇಟ್ಟು, ಬೇಕಾದ ಲೆಕ್ಕ ಕೊಡಿ ಎಂದು ಸಭಿಕರನ್ನು ಕರೆದರು. ಲೆಕ್ಕ ಮಾಡುವ ಯಂತ್ರವಿದ್ದದ್ದು ನ್ಯೂಯಾರ್ಕಿನಲ್ಲಿ. ಪ್ರಶ್ನೆ ತಂತಿಯ ಮೇಲೆ ಹೋಯಿತು, ಉತ್ತರ ತಂತಿಯ ಮೇಲೆಯೇ ಬಂತು.

ಅಂದು ನ್ಯೂಯಾರ್ಕಿನ ಯಂತ್ರ ಗಟ್ಟಿಮುಟ್ಟಾಗಿತ್ತು. ಅದೇ ಕೆಟ್ಟು ಕೂತಿದ್ದರೆ?

ಕಂಪ್ಯೂಟರಿನೊಳಗೇ ಕೂತು ದೂರದವರ ಆಜ್ಞೆ ಪಾಲಿಸುವ ತಂತ್ರಾಂಶಗಳ ಕಷ್ಟ ಇದೇ. ಒಳಗಿನವನು ಮೂರ್ಛೆ ಹೋದ ಮೇಲೆ ಹೊರಗಿನಿಂದ ಎಷ್ಟು ಬಾಗಿಲು ಬಡಿದರೇನು? ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷವಿದ್ದ ಒಂದು ಫೈಲಿನಿಂದ ಸುಮಾರು ೮೫ ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಆ ಫೈಲನ್ನು ಅಳಿಸಿದರೆ ಸಾಕಿತ್ತು. ಆದರೆ ಎಷ್ಟೋ ಕಡೆ ಅಷ್ಟಕ್ಕೇ ಒಬ್ಬರು ಯಂತ್ರದ ಮುಂದೆ ಹೋಗಿ ಕೂರಬೇಕಾಯಿತು.

ಇಂಥ ಹೊತ್ತಿಗಾಗಿಯೇ ಒಂದು ಪುಟ್ಟ ಪೆಟ್ಟಿಗೆ ಇದೆ. ಕೆವಿಎಂ ಎಂದು ಹೆಸರು: ಕೀಬೋರ್ಡ್, ವಿಡಿಯೊ, ಮೌಸ್. ಕಂಪ್ಯೂಟರು ಪರದೆಗೆ ಕಳಿಸುವ ಚಿತ್ರವನ್ನು ಇದು ಹಿಡಿದು ನೆಟ್‌ವರ್ಕ್ ಮೂಲಕ ದೂರಕ್ಕೆ ರವಾನಿಸುತ್ತದೆ. ಅಲ್ಲಿಂದ ಒತ್ತಿದ ಕೀಲಿಯನ್ನು, ತಾನೇ ಕೀಬೋರ್ಡ್ ಎಂಬಂತೆ ನಟಿಸಿ, ಕಂಪ್ಯೂಟರಿಗೆ ಮುಟ್ಟಿಸುತ್ತದೆ. ವಿಂಡೋಸ್ ಏಳದಿದ್ದರೂ ಇದರ ಕಣ್ಣು, ಕೈ ಎರಡೂ ಎಚ್ಚರವಾಗಿಯೇ ಇರುತ್ತವೆ.

ಇದನ್ನು ಕೊಂಡವರು ಪಕ್ಕದ ಕೋಣೆಯಿಂದ ಮೌಸ್ ಆಡಿಸಿ ನೋಡಿ, ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಪರೀಕ್ಷೆಯಲ್ಲ. ಕಂಪ್ಯೂಟರನ್ನು ಪೂರ್ತಿ ಆರಿಸಿ, ದೂರದಿಂದಲೇ ಮತ್ತೆ ಹೊತ್ತಿಸಲು ಬರುತ್ತದೆಯೇ ನೋಡಬೇಕು. ಅದಕ್ಕೆ ಪವರ್ ಗುಂಡಿಗೆ ಬೇರೆ ತಂತಿ ಜೋಡಿಸಬೇಕಾಗಬಹುದು. ಆರಂಭದ ಮೊದಲ ಪರದೆ ಕಾಣುತ್ತದೆಯೇ, ಅಲ್ಲಿ ಕೀಲಿ ಒತ್ತಿದರೆ ನಾಟುತ್ತದೆಯೇ ಎಂಬುದನ್ನೂ ನೋಡಬೇಕು. ಪೆಟ್ಟಿಗೆಗೆ ವಿದ್ಯುತ್ತು ಅದೇ ಕಂಪ್ಯೂಟರಿನ ಯುಎಸ್‌ಬಿಯಿಂದ ಬರುತ್ತಿದ್ದರೆ, ಯಜಮಾನನ ಜೊತೆ ವೈದ್ಯನೂ ಮಲಗಿಬಿಡಬಹುದು.

ದಾರಿಯ ಪ್ರಶ್ನೆಯೂ ಉಂಟು. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ ಗಂಟೆಗಟ್ಟಲೆ ನಿಂತಿತು. ಅದರ ಎಂಜಿನಿಯರುಗಳಿಗೆ ಮಾಮೂಲಿ ದಾರಿಯೂ ಇರಲಿಲ್ಲ, ಆಪತ್ತಿಗೆಂದು ಇಟ್ಟ ಬದಲಿ ದಾರಿಯೂ ಇರಲಿಲ್ಲ. ಕೊನೆಗೆ ಜನರೇ ಡೇಟಾ ಸೆಂಟರಿಗೆ ಹೋಗಬೇಕಾಯಿತು.

ಇನ್ನು ಗುಪ್ತಪದ. ಕಾರ್ಖಾನೆಯಿಂದ ಬಂದದ್ದನ್ನೇ ಬಿಟ್ಟರೆ, ಮನೆಯ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟು ಹೋದಂತೆ. ಸತ್ತ ಯಂತ್ರವನ್ನು ಎಬ್ಬಿಸಬಲ್ಲ ಕೈ ಕಳ್ಳನಿಗೆ ಸಿಕ್ಕರೆ ಅವನಿಗೂ ಅಷ್ಟೇ ವಿಧೇಯವಾಗಿರುತ್ತದೆ.

ಆಪತ್ತಿಗಾದವನೇ ನೆಂಟ ಎನ್ನುತ್ತದೆ ಗಾದೆ. ಆದರೆ ಆಪತ್ತು ಬಂದ ದಿನವೇ ನೆಂಟನನ್ನು ಪರೀಕ್ಷಿಸಲು ಹೊರಟರೆ ಕಾಲ ಮೀರಿರುತ್ತದೆ. ಎಲ್ಲವೂ ನೆಟ್ಟಗಿರುವ ಒಂದು ಮಧ್ಯಾಹ್ನ, ಬೇಕೆಂದೇ ಕಂಪ್ಯೂಟರನ್ನು ಆರಿಸಿ ನೋಡುವುದೇ ಜಾಣತನ.