ಶೇಡಿ ಮಣ್ಣಿನ ಮುಂದೆ ಒಂದು ಗಂಟೆ

"ಇಷ್ಟೊಂದು ನೀರು ವೇಸ್ಟಾಗಿ ಸಮುದ್ರಕ್ಕೆ ಹೋಗ್ತೈತಲ್ಲ ಸಾರ್!" ಶಿರಾಡಿ ಘಾಟಿ ಇಳಿಯುತ್ತಿದ್ದ ಬಸ್ಸಿನಲ್ಲಿ ಪಕ್ಕದ ಸೀಟಿನ ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಅಂದರು. ಕೋಲಾರದ ಕಡೆಯವರು, ಧರ್ಮಸ್ಥಳಕ್ಕೆ ಹೊರಟವರು. ಊರಲ್ಲಿ 1,200 ಅಡಿ ಕೊರೆಸಿದ ಬೋರ್‌ವೆಲ್ಲಿನಲ್ಲಿ ಬರೀ ಧೂಳು ಬಂತಂತೆ. ಅಂಥವರ ಮೇಲೆ ಸಿಟ್ಟಾಗುವುದು ಹೇಗೆ? ಆದರೂ ಈ ಘಟ್ಟದ ನೀರನ್ನು ಕೋಲಾರದ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಭಾಷಣಗಳಲ್ಲಿ ಕೇಳಿ ಕೇಳಿ ಬೇಸತ್ತ ಆ 'ವೇಸ್ಟು' ಮನಸ್ಸಿಗೆ ಚುಚ್ಚಿತು.

ಗುಂಡ್ಯ ದಾಟಿ ಸ್ವಲ್ಪ ದೂರಕ್ಕೆ ಗುಡ್ಡ ಜರಿದು ಬಸ್ಸು ನಿಂತಿತು. ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಅದು ಮಳೆಗಾಲ ತಡೆದೀತೆ? ಇಳಿದವರು ಚಿಪ್ಸ್ ಪೊಟ್ಟಣ ತೋಡಿಗೆಸೆದು ಸೆಲ್ಫಿಗೆ ನಿಂತರು. ನನಗೆ ನೋಡಲಾಗಲಿಲ್ಲ.

ಕೊಡೆ ಹಿಡಿದ ಅಜ್ಜರೊಬ್ಬರು ಕುಸಿದ ಜಾಗ ತೋರಿಸಿದರು. "ಮೇಲೆ ಮುರಕಲ್ಲು, ಅಡಿಯಲ್ಲಿ ಶೇಡಿ ಮಾರಾಯ್ರೆ. ನೀರು ಕುಡಿದರೆ ಬೆಣ್ಣೆ ಹಾಗೆ ಜಾರ್ತದೆ."

ಒಂದು ಹೆಂಟೆ ಎತ್ತಿಕೊಂಡೆ. ಬಿಳಿ, ನುಣುಪು, ತಣ್ಣಗೆ. ಇದು ಹಿಂದೆ ಉಳಿಗೂ ಬಗ್ಗದ ಬಂಡೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಇಳಿಯುತ್ತದೆ. ಮಣ್ಣಿನೊಳಗೆ ಬೇರುಗಳು ಬಿಟ್ಟ ಉಸಿರಿನಿಂದ ಇನ್ನಷ್ಟು ಹುಳಿಯಾಗುತ್ತದೆ. ಆ ಮಂದ ಆಮ್ಲ ಬಂಡೆಯ ಫೆಲ್ಡ್‌ಸ್ಪಾರ್ ಖನಿಜವನ್ನು ಬಿಡಿಸಿ ಸೋಡಿಯಂ, ಕ್ಯಾಲ್ಸಿಯಂ ಕರಗಿಸಿಕೊಂಡು ಹೋದಾಗ ಉಳಿಯುವ ಜೇಡಿಯೇ ಶೇಡಿ. ಗಾಳಿಯ ಇಂಗಾಲ ಬೈಕಾರ್ಬನೇಟಾಗಿ ಕೆಂಪುಹೊಳೆ, ಕುಮಾರಧಾರೆ, ನೇತ್ರಾವತಿ ಹಿಡಿದು ಕಡಲಿಗೆ ಸಾಗುತ್ತದೆ. ಹೊಳೆಯ ಕೆಂಪು ಎಲ್ಲರಿಗೂ ಕಾಣುತ್ತದೆ. ಈ ಕರಗಿದ ಹೊರೆಗೆ ಬಣ್ಣವಿಲ್ಲ.

2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದಿದೆ: ನೇತ್ರಾವತಿ ಜಲಾನಯನದ ಪ್ರತಿ ಚದರ ಕಿಲೋಮೀಟರಿನಲ್ಲಿ ವರ್ಷಕ್ಕೆ ಸುಮಾರು 42 ಟನ್ ಬಂಡೆ ಕರಗುತ್ತದೆ, 12 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡು ಅದಕ್ಕೆ ವ್ಯಯವಾಗುತ್ತದೆ. ಕಡಲಲ್ಲಿ ಕ್ಯಾಲ್ಸಿಯಂ ಸೇರಿ ಚಿಪ್ಪು, ಸುಣ್ಣಕಲ್ಲು ಆಗುವಾಗ ಒಂದು ಪಾಲು ಗಾಳಿಗೆ ಮರಳಿದರೂ ಉಳಿದದ್ದು ಲಕ್ಷಾಂತರ ವರ್ಷ ಕಲ್ಲಾಗಿಯೇ ಇರುತ್ತದೆ. ನಮ್ಮ ಹೊಗೆಯ ವೇಗಕ್ಕೆ ಈ ಕೆಲಸ ಸಾಟಿಯಲ್ಲ, ನಿಜ. ಆದರೆ ಭೂಮಿ ಕುದಿದುಹೋಗದಂತೆ ಕೋಟ್ಯಂತರ ವರ್ಷ ಕಾಯ್ದದ್ದರಲ್ಲಿ ಇದರ ಪಾಲು ದೊಡ್ಡದು. ಇದನ್ನು ವ್ಯರ್ಥ ಎನ್ನಲು ನಾಲಿಗೆ ಹೇಗೆ ಏಳುತ್ತದೆ?

ಬಂದಷ್ಟು ಮಾತಿನಲ್ಲಿ ಅಮ್ಮನಿಗೆ ಹೇಳಿದೆ. ಹೆಂಟೆ ಮುಟ್ಟಿ ನೋಡಿದರು.

"ನಮ್ಮೂರ ಬಂಡೇನೂ ಹಿಂಗೇ ಕರಗ್ತೈತಾ?"

"ಕರಗುತ್ತಮ್ಮ, ತುಂಬಾ ನಿಧಾನ. ಅದಕ್ಕೂ ಮಳೆ ಬೇಕು."

ಅವರು ಏನೂ ಅನ್ನಲಿಲ್ಲ. ಜೆಸಿಬಿ ದಾರಿ ಬಿಡಿಸಿತು. ಬಸ್ಸು ಹತ್ತುವ ಮೊದಲು ಆ ಹೆಂಟೆಯನ್ನು ನನ್ನಿಂದ ಇಸಕೊಂಡು ಪೇಪರಿನಲ್ಲಿ ಸುತ್ತಿ, ಬ್ಯಾಗಿನಲ್ಲಿ ಹಣ್ಣುಕಾಯಿಯ ಪಕ್ಕಕ್ಕಿಟ್ಟರು.